ಹಳೆಯ ಕಾರು ಕೊಳ್ಳುವ ಮುನ್ನ ಅದರ ಸದ್ದು ಕೇಳಿ



ಬೆಂಗಳೂರಿನ ತ್ಯಾಗರಾಜನಗರ, ಬಸವನಗುಡಿ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಕೆಲವು ಮನೆಗಳ ಕಾಂಪೌಂಡಿನೊಳಗೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಕಾರುಗಳು ಇನ್ನೂ ಉಳಿದಿವೆ. ಮನೆಯ ಹಿರಿಯರು ಓಡಿಸುವುದನ್ನು ಬಿಟ್ಟ ಮೇಲೆ ಇಂಥ ಕಾರು ಊರಿನ ನೆಂಟರಿಗೋ ಪರಿಚಯದ ರೈತರಿಗೋ ಕೈ ಬದಲಾಗುವುದುಂಟು. ಪದ್ಮಿನಿಯ ತಯಾರಿಕೆ ನಿಂತು ಇಪ್ಪತ್ತು ವರ್ಷ ಮೀರಿದೆ. ಅಂಬಾಸಿಡರ್ ಮತ್ತು ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಗೇರ್ ಬಾಕ್ಸಿನ ಒಂದು ಹಲ್ಲುಚಕ್ರ ಹೋದರೆ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಬೇಕಾದೀತು. ಆದಕಾರಣ ಹಣ ಕೊಡುವ ಮುನ್ನ ಕಾರಿನ ಸದ್ದು ಯಾವ ಭಾಗದ್ದೆಂದು ತಿಳಿದುಕೊಳ್ಳುವುದು ಅಗತ್ಯ.

ಪೈರಿನ ಎಲೆ ಹಳದಿಯಾದಾಗ ಅನುಭವಸ್ಥ ರೈತ ಒಡನೆಯೇ ಗೊಬ್ಬರದ ಅಂಗಡಿಗೆ ಓಡುವುದಿಲ್ಲ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಯಿತೋ, ತುದಿಯ ಎಳೆ ಎಲೆಯೋ ಎಂದು ನೋಡುತ್ತಾನೆ. ಮೊದಲನೆಯದಾದರೆ ಸಾರಜನಕದ ಕೊರತೆ, ಎರಡನೆಯದಾದರೆ ಕಬ್ಬಿಣದ್ದೋ ಗಂಧಕದ್ದೋ ಇರಬಹುದು. ಕಾರಿನ ಸದ್ದಿಗೂ ಇದೇ ಬಗೆಯ ಪ್ರಶ್ನೆ ಹಾಕಬೇಕು. ಸದ್ದು ಇಂಜಿನ್ನಿನ ವೇಗದೊಡನೆ ಏರುತ್ತದೆಯೋ, ಚಕ್ರದ ವೇಗದೊಡನೆಯೋ? ಕ್ಲಚ್ ಒತ್ತಿದರೆ ಬದಲಾಗುತ್ತದೆಯೋ? ಆಕ್ಸಲರೇಟರ್ ಬಿಟ್ಟಾಗ ಏನಾಗುತ್ತದೆ? ಇವಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ತಿಳಿದಂತೆಯೇ.

ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಿ ಇಂಜಿನ್ನಿನ ಶಕ್ತಿ ಕ್ಲಚ್ ಮತ್ತು ಗೇರ್ ಬಾಕ್ಸ್ ದಾಟಿ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಹೌಸಿಂಗಿನ ಕ್ರೌನ್ ಮತ್ತು ಪಿನಿಯನ್‌ಗೆ ಹೋಗಿ, ಅಲ್ಲಿಂದ ಚಕ್ರಗಳನ್ನು ಮುಟ್ಟುತ್ತದೆ. ಮಾರುತಿ 800ರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಎಳೆಯುವುದು ಮುಂದಿನ ಚಕ್ರಗಳೇ.

ಕಾರು ನೋಡಲು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ವಾಹನಗಳ ಗಲಾಟೆ ಆಗ ಕಡಿಮೆ. ಕಾರನ್ನು ಮೊದಲೇ ಓಡಿಸಿ ಬಿಸಿ ಮಾಡಿಡಬಾರದೆಂದು ಮನೆಯವರಿಗೆ ತಿಳಿಸಿರಬೇಕು. ತಣ್ಣಗಿರುವಾಗ ಗೇರ್ ಆಯಿಲ್ ಗಟ್ಟಿಯಾಗಿದ್ದು ಸದ್ದನ್ನು ಅಡಗಿಸುತ್ತದೆ, ಕಾದು ತೆಳ್ಳಗಾದಾಗ ಹೊರಗೆ ಬಿಡುತ್ತದೆ. ಹೀಗಾಗಿ ಎರಡು ಸ್ಥಿತಿಯಲ್ಲೂ ಕೇಳಬೇಕು.

ಮೊದಲ ಪರೀಕ್ಷೆ ಮನೆಯ ಮುಂದೆಯೇ ಆಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ನಿಧಾನವಾಗಿ ಓಡುತ್ತಿರಲಿ. ಗೊರಗೊರ ಸದ್ದಿದ್ದು, ಕ್ಲಚ್ ಪೂರ್ತಿ ಒತ್ತಿದೊಡನೆ ನಿಂತುಹೋದರೆ ಅದು ಗೇರ್ ಬಾಕ್ಸಿನ ಒಳಗಿನದು. ಮುಂದಿನ ಶಾಫ್ಟಿನ ಬೇರಿಂಗೋ ಲೇ ಶಾಫ್ಟಿನದೋ ಸವೆದಿದೆ. ಇದಕ್ಕೆ ಪ್ರತಿಯಾಗಿ, ಸುಮ್ಮನಿದ್ದ ಕಾರು ಕ್ಲಚ್ ಒತ್ತಿದಾಗ ಕಿರುಚಿದರೆ ದೋಷ ಕ್ಲಚ್ಚಿನ ರಿಲೀಸ್ ಬೇರಿಂಗಿನಲ್ಲಿರುವುದೇ ಹೆಚ್ಚು. ಬೇರಿಂಗಿನ ಬೆಲೆ ದೊಡ್ಡದಲ್ಲ, ಆದರೆ ಅದನ್ನು ಮುಟ್ಟಲು ಗೇರ್ ಬಾಕ್ಸ್ ಇಳಿಸಲೇಬೇಕು.

ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ತಡೆದು ರಿವರ್ಸ್ ಹಾಕಿ ನೋಡಬೇಕು. ಅಷ್ಟು ತಡೆದರೂ ಹಲ್ಲು ಕಡಿದಂತೆ ಕರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಇದನ್ನು ಗೇರಿನ ದೋಷವೆಂದು ತಿಳಿದು ಗೇರ್ ಬಾಕ್ಸ್ ಬಿಚ್ಚಿಸಿಕೊಂಡವರು ಅನೇಕರು. ಬರೀ ಕ್ಲಚ್ ಅಡ್ಜಸ್ಟ್ ಮಾಡಿದರೆ ಸರಿಹೋಗುವ ಸಂಭವವೂ ಉಂಟು. ಹಳೆಯ ಅಂಬಾಸಿಡರಿನಲ್ಲಿ ಚಲಿಸುತ್ತಿರುವಾಗ ಫಸ್ಟ್ ಗೇರಿಗೆ ಹಾಕಿದರೆ ಕಡಿಯುವುದು ಸಹಜ, ಆ ಗೇರಿಗೆ ಸಿಂಕ್ರೊಮೆಶ್ ಇಲ್ಲ. ರಿವರ್ಸಿನಲ್ಲಿ ಕೊಂಚ ಕುಯ್ ಎನ್ನುವುದೂ ರೋಗವಲ್ಲ.

ಇನ್ನು ರಸ್ತೆಗಿಳಿಯಬೇಕು. ಒಳರಸ್ತೆಯಲ್ಲಿ ಕಿಟಕಿಯ ಗಾಜು ಇಳಿಸಿ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ನಿಧಾನವಾಗಿ ಸಾಗಿದರೆ ಗೋಡೆಗೆ ತಗಲಿದ ಸದ್ದು ಮರಳಿ ಕಿವಿಗೆ ಬರುತ್ತದೆ. ಫಸ್ಟ್, ಸೆಕೆಂಡ್, ಥರ್ಡ್ ಗೇರುಗಳಲ್ಲಿ ಕೂಗಿ ಟಾಪ್ ಗೇರಿನಲ್ಲಿ ಕಾರು ಶಾಂತವಾದರೆ ಲೇ ಶಾಫ್ಟನ್ನು ಸಂಶಯಿಸಬೇಕು. ಟಾಪ್ ಗೇರಿನಲ್ಲಿ ಶಕ್ತಿ ನೇರವಾಗಿ ಹಾಯುವುದರಿಂದ ಅದರ ಮೇಲೆ ಭಾರ ಬೀಳುವುದಿಲ್ಲ. ಟಾಪಿನಲ್ಲೂ ಗೊರಗೊರ ಉಳಿದರೆ ಮುಂದಿನ ಶಾಫ್ಟಿನ ಬೇರಿಂಗ್. ಒಂದೇ ಒಂದು ಗೇರಿನಲ್ಲಿ ಸದ್ದಿದ್ದರೆ ಆ ಗೇರಿನ ಹಲ್ಲು. ಮಾರುತಿಗೆ ಈ ಟಾಪ್ ಗೇರಿನ ಲೆಕ್ಕ ಹೊಂದುವುದಿಲ್ಲ.

ಸಮತಟ್ಟಾದ ಕಡೆ ವೇಗ ಪಡೆದು ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಆರಿಸದೆ ಕಾರನ್ನು ಉರುಳಲು ಬಿಡಬೇಕು. ಆಗಲೂ ಸದ್ದು ಹಾಗೆಯೇ ಉಳಿದು, ಕಾರು ನಿಧಾನವಾದಂತೆ ಇಳಿದರೆ ದೋಷ ಗೇರ್ ಬಾಕ್ಸಿನಿಂದ ಹಿಂದಕ್ಕಿದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಬ್ಯೂಗಲ್ ರಾಕಿನ ಕಡೆಗೆ ಏರುವಾಗ ಹಿಂದಿನ ಹೌಸಿಂಗ್ ಕೂಗಿ, ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ದನಿ ಬದಲಾದರೆ ಕ್ರೌನ್ ಮತ್ತು ಪಿನಿಯನ್ ಸವೆದಿವೆ ಅಥವಾ ಅವುಗಳ ಹೊಂದಿಕೆ ತಪ್ಪಿದೆ. ಏರಿಗೂ ಇಳಿತಕ್ಕೂ ಒಂದೇ ದನಿಯಲ್ಲಿ ಗುಂಯ್‌ಗುಡುವುದು ಚಕ್ರದ ಬೇರಿಂಗ್. ಎಡಕ್ಕೆ ತಿರುಗಿದಾಗ ಹೆಚ್ಚಾದರೆ ಸಾಮಾನ್ಯವಾಗಿ ಬಲ ಚಕ್ರದ್ದು, ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಎಡ ಚಕ್ರದ್ದು. ಟೈರಿನ ಸದ್ದೂ ಇದನ್ನೇ ಹೋಲುತ್ತದೆ, ಆದರೆ ಡಾಂಬರು ಬಿಟ್ಟು ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗೆ ಬಂದಾಗ ಟೈರಿನ ದನಿ ಬದಲಾಗುತ್ತದೆ, ಬೇರಿಂಗಿನ ದನಿ ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ಈಗ ಎರಡು ಬಗೆಯ ರಸ್ತೆಯೂ ಇರುವುದರಿಂದ ಈ ಪರೀಕ್ಷೆ ಸುಲಭ.

ಕ್ಲಚ್ ಬಿಟ್ಟ ಕೂಡಲೇ ಅಡಿಯಲ್ಲಿ ಟಣ್ ಎಂದು ಹೊಡೆದರೆ, ನಿಧಾನದಲ್ಲಿ ಚಿಂವ್ ಚಿಂವ್ ಎಂದು ಹಕ್ಕಿಯಂತೆ ಕೂಗಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಒಣಗಿದೆ ಅಥವಾ ಸಡಿಲಗೊಂಡಿದೆ. ಇದನ್ನು ಉದಾಸೀನ ಮಾಡತಕ್ಕದ್ದಲ್ಲ. ಮುಂದಿನ ಕ್ರಾಸ್ ಓಡುವಾಗ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ನೆಲಕ್ಕೆ ನಾಟುವ ಸಂಭವವಿದೆ. ಸಂಸಾರ ಸಮೇತ ಹೋಗುವಾಗ ಅದು ಪ್ರಾಣಕ್ಕೇ ಸಂಚಕಾರ. ನೋಡುವ ಕ್ರಮ ಸುಲಭ. ಇಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕ್ರಾಸಿನ ಎರಡೂ ಪಕ್ಕ ಕೈಯಿಂದ ಹಿಡಿದು ಎದುರುಬದುರು ತಿರುಚಬೇಕು. ಕ್ರಾಸಿನಲ್ಲಿ ಸ್ವಲ್ಪ ಆಟ ಕಂಡರೂ, ಕಪ್ಪಿನ ಸುತ್ತ ತುಕ್ಕಿನ ಬಣ್ಣದ ಪುಡಿ ಕಂಡರೂ ಹೊಸದು ಹಾಕಿಸಬೇಕು. ಇದಕ್ಕೆ ತಗಲುವ ಖರ್ಚು ಅಲ್ಪ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು.

ಮಾರುತಿ 800 ಆದರೆ ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಸಬೇಕು, ಆಮೇಲೆ ಇನ್ನೊಂದು ಕಡೆಗೆ. ಟಕ್ ಟಕ್ ಎಂದು ಚಕ್ರದ ವೇಗಕ್ಕೆ ತಕ್ಕಂತೆ ಹೊಡೆದರೆ ಹೊರಗಿನ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟು ಹರಿದು ಗ್ರೀಸ್ ಸಿಡಿದಿದ್ದರೂ ಸದ್ದಿಲ್ಲವಾದರೆ ತೊಳೆದು, ಗ್ರೀಸ್ ತುಂಬಿ, ಹೊಸ ಬೂಟು ಹಾಕಿಸಿದರೆ ಜಾಯಿಂಟ್ ಉಳಿಯಬಹುದು.

ಕೊನೆಗೆ, ಕಾರು ಬಿಸಿಯಿರುವಾಗಲೇ, ಮಾಲೀಕರ ಒಪ್ಪಿಗೆ ಪಡೆದು ಮೆಕ್ಯಾನಿಕ್ಕನಿಂದ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಬೇಕು. ಸದ್ದು ಮುಚ್ಚಲು ಮರದ ಹೊಟ್ಟು ಬೆರೆಸುವುದು ಹಳೆಯ ಕಾರಿನ ವ್ಯಾಪಾರದಲ್ಲಿ ಬಹಳ ಹಿಂದಿನಿಂದ ಇರುವ ಮೋಸ. ತ್ಯಾಗರಾಜನಗರದ ಹಿರಿಯರು ಮಾಡಲಾರರು, ನಡುವಿನ ದಲ್ಲಾಳಿ ಮಾಡಿಯಾನು. ಮರಳಿ ತುಂಬುವ ಆಯಿಲ್ ಕಾರಿನ ಕೈಪಿಡಿಯಲ್ಲಿ ಹೇಳಿದ್ದೇ ಆಗಿರಬೇಕು, ಏಕೆಂದರೆ ಹಿಂದಿನ ಹೌಸಿಂಗಿಗೆ ತಕ್ಕ ಜಿ.ಎಲ್.-5 ಆಯಿಲ್ ಕೆಲವು ಗೇರ್ ಬಾಕ್ಸುಗಳ ಹಿತ್ತಾಳೆಯ ಭಾಗಗಳನ್ನು ತಿನ್ನುತ್ತದೆ. ಇಳಿಸಿದ ಆಯಿಲಿನಲ್ಲಿ ನುಣ್ಣನೆಯ ಬೂದು ಬಣ್ಣದ ಮಡ್ಡಿಯಿದ್ದರೆ ಅದು ವಯಸ್ಸಿನ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ, ಗೇರ್ ಬಾಕ್ಸ್ ಬಿಚ್ಚಿ ಕಟ್ಟುವ ಖರ್ಚನ್ನು ಮೆಕ್ಯಾನಿಕ್ಕನಿಂದ ಅಲ್ಲಿಯೇ ಬರೆಸಿಕೊಂಡು, ಅಷ್ಟನ್ನು ಕಳೆದು ಬೆಲೆ ಮಾತಾಡಬೇಕು.