ಬಣ್ಣದ ಕಾಸು



ನಮ್ಮ ಸಭೆಗಳ ಗೋಡೆಬರಹ, ಬ್ಯಾನರು ಎಲ್ಲವನ್ನೂ ಬರೆದುಕೊಟ್ಟ ಗೆಳೆಯನಿಗೆ ಮೈಸೂರಿನ ದೃಶ್ಯಕಲಾ ಕಾಲೇಜು ‘ಕಾವಾ’ದಲ್ಲಿ ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಬರುತ್ತೆ, ಆದರೆ ಯಾವಾಗ? ಬಣ್ಣ, ಬ್ರಷ್ಷು, ಕ್ಯಾನ್ವಾಸು ಮೊದಲ ದಿನದಿಂದಲೇ ಬೇಕು.

‘ಹೊಟ್ಟೆಗಿಲ್ಲದೋರಿಗೆ ಚಿತ್ರ ಯಾಕ್ರೀ?’ ಅಂತ ಕೇಳೋರಿದ್ದಾರೆ. ತಮಟೆಗೆ ಚರ್ಮ ಬಿಗಿದ, ಚಪ್ಪಲಿ ಹೊಲಿದ ನಮ್ಮ ಕೈಗಳ ಕಲೆಯನ್ನು ಈ ಸಮಾಜ ಬರೀ ಚಾಕರಿ ಎಂದು ಕರೆಯಿತು. ಬೇರೆಯವರು ನಮ್ಮ ಮುಖ ಬರೆದರೆ ಕನಿಕರವಷ್ಟೇ ಕಾಣುತ್ತೆ. ನಮ್ಮವನು ಬರೆದರೆ ನಮ್ಮ ಸಿಟ್ಟೂ ನಗುವೂ ಕಾಣುತ್ತವೆ.

1913ರಲ್ಲಿ ಬಾಬಾಸಾಹೇಬರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಮಹಾರಾಜರು ತಿಂಗಳಿಗೆ 11.50 ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ವಿದ್ಯಾರ್ಥಿವೇತನದಿಂದ. ಒಬ್ಬರ ಓದು ಕೋಟಿ ಜನರದಾಯಿತು. ಈಗ ರಾಜರಿಲ್ಲ, ನಾವಿದ್ದೇವೆ.

50 ಜನ ತಿಂಗಳಿಗೆ 50 ರೂಪಾಯಿ ಹಾಕಿದರೆ 2,500 ಆಗುತ್ತೆ. ಕೊಟ್ಟವರ ಹೆಸರು ಗೋಡೆಗೆ ಹಚ್ಚೋದಿಲ್ಲ. ತಿಂಗಳ ಲೆಕ್ಕ ಹಚ್ಚುತ್ತೇವೆ. ಇದನ್ನು ಕೈಗಡ ಅಂದುಕೊಳ್ಳಿ. ಅವನು ದುಡಿಯೋಕೆ ನಿಂತ ಮೇಲೆ ಮುಂದೆ ಓದುವ ಹುಡುಗಿಗೋ ಹುಡುಗನಿಗೋ ತೀರಿಸಲಿ.

ಡಬ್ಬಿ ಈ ಮೇಜಿನ ಮೇಲೇ ಇದೆ. ಜೈಭೀಮ್.