ಒಂದು ಗಾಲಿ ಚೀಸಿಗೆ ನಾನೂರು ಲೀಟರ್ ಹಾಲು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಜತ ಮಹೋತ್ಸವ ಅಂದರೆ ನಮ್ಮನ್ನು ನಾವೇ ಹೊಗಳಿಕೊಳ್ಳುವ ದಿನ. ಆ ಕೆಲಸವನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಚೆನ್ನಾಗಿಯೇ ಮಾಡಿದ್ದಾರೆ. ಆದ್ದರಿಂದ ನಾವು ಬೇರೆ ಊರಿನ ಸಂಘಗಳ ವಿಚಾರ ಹೇಳೋಣ ಅಂತ ಬಂದಿದ್ದೇವೆ. ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ. ಆ ಸಂಘಗಳ ಪದ್ಧತಿಗೆ ಏಳುನೂರು ವರ್ಷ ದಾಟಿದೆ.

ಫ್ರಾನ್ಸ್ ದೇಶದ ಪೂರ್ವದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡಂತೆ, ಜೂರಾ ಎಂಬ ಬೆಟ್ಟಸಾಲಿದೆ. ಚಳಿಗಾಲ ಉದ್ದ, ಹಿಮ ಬಿದ್ದರೆ ದಾರಿ ಬಂದ್. ಬೇಸಿಗೆಯಲ್ಲಿ ಹುಲ್ಲು ಹೇರಳ, ಹಾಲೂ ಹೇರಳ. ಆದರೆ ಹಾಲು ಚಳಿಗಾಲದವರೆಗೆ ಕಾಯುತ್ತದೆಯೇ? ಅದಕ್ಕೇ ಅವರು ಚೀಸ್ ಮಾಡಿದರು. ನಮ್ಮ ಪುಸ್ತಕಗಳಲ್ಲಿ ಚೀಸ್‌ಗೆ ಗಿಣ್ಣು ಅಂತ ಬರೆದುಬಿಡುತ್ತಾರೆ. ಹಸು ಕರು ಹಾಕಿದಾಗ ನಾವು ಮಾಡುವ ಗಿಣ್ಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಹಾಲನ್ನು ಹೆಪ್ಪಿಟ್ಟು ಒಡೆಸಿ, ಬಿಸಿ ಮಾಡಿ, ನೀರು ಹಿಂಡಿ, ಉಪ್ಪು ಹಾಕಿ ತಿಂಗಳುಗಟ್ಟಲೆ ಮಾಗಿಸಿದ ಗಟ್ಟಿ ಪದಾರ್ಥ.

ಅಲ್ಲಿಯ ಚೀಸಿನ ಹೆಸರು ಕೋಂತೆ. ಎತ್ತಿನ ಗಾಡಿಯ ಗುಂಬದಷ್ಟಲ್ಲ, ಸಣ್ಣ ಗಾಡಿಯ ಗಾಲಿಯಷ್ಟು ಅಗಲ. ಒಂದು ಗಾಲಿಯ ತೂಕ ಸುಮಾರು 40 ಕಿಲೋ. ಅದಕ್ಕೆ ಬೇಕಾಗುವ ಹಾಲು ಸುಮಾರು 400 ಲೀಟರು. ಮೂರು ನಾಲ್ಕು ಹಸು ಕಟ್ಟಿಕೊಂಡವನ ಮನೆಯಲ್ಲಿ ಅಷ್ಟು ಹಾಲು ಎಲ್ಲಿಂದ ಬರಬೇಕು? ಚಿಕ್ಕ ಚೀಸು ಮಾಡಿದರೆ ಬೇಗ ಒಣಗುತ್ತದೆ, ದೂರದ ಪೇಟೆಗೆ ಹೋಗುವುದಿಲ್ಲ. ಹೀಗಾಗಿ ಊರಿನ ಹಾಲೆಲ್ಲ ಒಂದೇ ಕೊಪ್ಪರಿಗೆಗೆ ಬೀಳಬೇಕಾಯಿತು. ಈ ಕೂಟಕ್ಕೆ ಅವರು ಫ್ರುಯಿತಿಯೇರ್ ಅನ್ನುತ್ತಾರೆ. 13ನೇ ಶತಮಾನದ ಕಾಗದಪತ್ರಗಳಲ್ಲೇ ಇದರ ಉಲ್ಲೇಖವಿದೆ. ಆಗ ಸಹಕಾರ ಕಾಯ್ದೆ ಇರಲಿಲ್ಲ, ರಿಜಿಸ್ಟ್ರಾರೂ ಇರಲಿಲ್ಲ!

ಲೆಕ್ಕ ಹೇಗಿಡುತ್ತಿದ್ದರು ಅನ್ನುವುದು ನಮಗೆ ಬಹಳ ಹಿಡಿಸಿದ ಸಂಗತಿ. ಒಂದು ಕೋಲನ್ನು ಉದ್ದಕ್ಕೆ ಎರಡು ಸೀಳು ಮಾಡುವುದು. ಒಂದು ಸೀಳು ರೈತನ ಹತ್ತಿರ, ಇನ್ನೊಂದು ಚೀಸ್ ಮಾಡುವವನ ಹತ್ತಿರ. ಹಾಲು ಅಳೆದಾಗ ಎರಡನ್ನೂ ಜೋಡಿಸಿ ಒಟ್ಟಿಗೆ ಕಚ್ಚು ಹಾಕುವುದು. ಒಬ್ಬನೇ ತನ್ನ ಸೀಳಿಗೆ ಕಚ್ಚು ಸೇರಿಸಿದರೆ ಜೋಡಿಸಿದಾಗ ಸಿಕ್ಕಿಬೀಳುತ್ತಾನೆ. ಅಕ್ಷರ ಬಾರದವನಿಗೂ ಪಾಸ್‌ಬುಕ್ಕು! ಚೀಸು ಸರದಿಯ ಮೇಲೆ. ಯಾರ ಹಾಲು ಹೆಚ್ಚು ಜಮೆಯಾಗಿದೆಯೋ ಆ ದಿನದ ಚೀಸು ಅವರದು. ಅವತ್ತು ಸೌದೆಯೂ ಅವರದೇ, ಚೀಸ್ ಮಾಡುವವನ ಊಟವೂ ಅವರ ಮನೆಯಲ್ಲೇ. ಆಮೇಲೆ ಊರೂರಿಗೂ ಕಟ್ಟಡಗಳು ಎದ್ದವು. 1888ರಲ್ಲಿ ಮಾಮಿರೋಲ್ ಎಂಬಲ್ಲಿ ಹಾಲಿನ ಕೆಲಸ ಕಲಿಸುವ ಶಾಲೆಯೂ ಬಂತು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ನಮ್ಮ ಡೇರಿಯಲ್ಲಿ ಯಾರಾದರೂ ನೀರು ಬೆರೆಸಿದರೆ ಡಿಗ್ರಿ ಕಮ್ಮಿ ಬರುತ್ತದೆ, ಅವರ ಹಾಲಿಗೆ ರೇಟು ಕಮ್ಮಿಯಾಗುತ್ತದೆ. ಚೀಸಿನಲ್ಲಿ ಹಾಗಲ್ಲ. ಕೋಂತೆ ಚೀಸನ್ನು ಹಸಿ ಹಾಲಿನಲ್ಲೇ ಮಾಡಬೇಕು, ಮೊದಲು ಕಾಯಿಸುವಂತಿಲ್ಲ. ಒಬ್ಬನ ಕೊಟ್ಟಿಗೆಯ ಕೊಳಕು ಹಾಲು ಕೊಪ್ಪರಿಗೆಗೆ ಬಿದ್ದರೆ ಹತ್ತು ಮನೆಯವರ ಚೀಸು ಕೆಡುತ್ತದೆ. ಅದೂ ಅವತ್ತೇ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಹಲಗೆಯ ಮೇಲೆ ಕೂತ ಮೇಲೆ ಒಳಗೆ ಗಾಳಿ ತುಂಬಿ ಗಾಲಿ ಉಬ್ಬಿ ಬಿರುಕು ಬಿಡುತ್ತದೆ. ಇದಕ್ಕೆ ಕಾರಣವಾದ ಒಂದು ಜಾತಿಯ ಸೂಕ್ಷ್ಮಾಣು ರಸಮೇವಿನಲ್ಲಿ, ಅಂದರೆ ಸೈಲೇಜಿನಲ್ಲಿ, ಹೆಚ್ಚಾಗಿರುತ್ತದೆ. ಅದಕ್ಕೇ ಅಲ್ಲಿ ಹಸುಗಳಿಗೆ ರಸಮೇವು ಹಾಕುವುದನ್ನೇ ನಿಷೇಧ ಮಾಡಿದ್ದಾರೆ, ಹುಲ್ಲು ಮತ್ತು ಒಣಹುಲ್ಲೇ ಮುಖ್ಯ. (ಇದನ್ನು ಕೇಳಿ ಯಾರೂ ಮನೆಗೆ ಹೋಗಿ ರಸಮೇವಿನ ಗುಂಡಿ ಮುಚ್ಚಬೇಡಿ. ನಮ್ಮದು ಕಾಯಿಸಿ ಪ್ಯಾಕೆಟ್ ಮಾಡುವ ಹಾಲು, ತೊಂದರೆಯಿಲ್ಲ.)

1958ರಲ್ಲಿ ಅಲ್ಲಿಯ ಸರ್ಕಾರ ಕೋಂತೆ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇಂಥ ತಳಿಯ ಹಸು, ಇಂತಿಷ್ಟೇ ದೂರದೊಳಗಿನ ಹಾಲು, ಕನಿಷ್ಠ ನಾಲ್ಕು ತಿಂಗಳು ಮಾಗಿಸುವುದು, ಹೀಗೆ ಕಟ್ಟುಪಾಡು. ಹಾಲು ಹೆಚ್ಚಿಸಿ ದುಡ್ಡು ಮಾಡೋಣ ಅನ್ನುವವರಿಗೆ ಇದು ಕಿರಿಕಿರಿಯೇ. ಆದರೆ ದೊಡ್ಡ ಕಾರ್ಖಾನೆಗಳು ಅಗ್ಗದ ಚೀಸನ್ನು ರಾಶಿ ಹಾಕಿದಾಗಲೂ ಈ ಸಣ್ಣ ಸಂಘಗಳು ಉಳಿದದ್ದು ಈ ಕಿರಿಕಿರಿಯಿಂದಲೇ ಎಂದು ನಮ್ಮ ಅಭಿಪ್ರಾಯ. ಇನ್ನೊಂದು ಜಾಣತನವೂ ಇದೆ. ಮಾಗಿಸಿ ಮಾರುವ ವ್ಯಾಪಾರಿಗಳು ಬೇರೆ ಇದ್ದಾರೆ. ಅವರು ಮಾಗಿದ ಚೀಸನ್ನು ಮಾರಿದ ಬೆಲೆಗೆ ತಕ್ಕಂತೆ ಸಂಘಕ್ಕೆ ಬೆಲೆ ಕಟ್ಟುವ ಒಪ್ಪಂದವಿದೆ. ಲಾಭ ಪೇಟೆಯಲ್ಲೇ ನಿಂತುಹೋಗುವುದಿಲ್ಲ. ಇವತ್ತಿಗೂ ಅಲ್ಲಿ ನೂರಕ್ಕೂ ಹೆಚ್ಚು ಸಂಘಗಳು, ಎರಡು ಸಾವಿರಕ್ಕೂ ಮಿಕ್ಕಿ ರೈತ ಕುಟುಂಬಗಳು ಇದರಲ್ಲೇ ಬದುಕುತ್ತಿವೆ.

ನಮ್ಮ ದೇಶದ ಕಥೆ ನಿಮಗೆ ಗೊತ್ತು. 1946ರಲ್ಲಿ ಗುಜರಾತಿನ ಖೇಡಾ ರೈತರು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ಕಟ್ಟಿದರು. ಆಮೇಲೆ ಎಮ್ಮೆ ಹಾಲಿನಲ್ಲೂ ಚೀಸ್ ಮಾಡಿ ತೋರಿಸಿದರು. ನಮ್ಮ ರಾಜ್ಯದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು.

ಈ ಚೀಸಿನ ಪುರಾಣ ಯಾಕೆ ಅಂತ ಕೇಳುತ್ತೀರಿ. ನಮ್ಮೂರಿಗೂ ಈಗ ಖಾಸಗಿ ವ್ಯಾನು ಬರುತ್ತಿದೆ, ಲೀಟರಿಗೆ ಒಂದೆರಡು ರೂಪಾಯಿ ಜಾಸ್ತಿ ಅನ್ನುತ್ತಿದ್ದಾರೆ. ಬೆಳಗಿನ ಹಾಲು ವ್ಯಾನಿಗೆ, ಸಂಜೆಯದು ಡೇರಿಗೆ ಅನ್ನುವ ಮನೆಗಳಿವೆ. ಕಷ್ಟ ನಮಗೂ ಅರ್ಥವಾಗುತ್ತದೆ, ಹಿಂಡಿ ಮೂಟೆಯ ಬೆಲೆ ಯಾರಿಗೆ ಗೊತ್ತಿಲ್ಲ? ಆದರೆ ಮಳೆ ಬಿದ್ದು ಹಸಿಮೇವು ಬಂದು ಊರೆಲ್ಲ ಹಾಲಾದಾಗ ಆ ವ್ಯಾನು ಬರುತ್ತದೆಯೇ ಅಂತ ಕೇಳಿನೋಡಿ. ಜೂರಾದ ಹಳೆಯ ಸಂಘಗಳಲ್ಲಿ ಮನೆಖರ್ಚಿಗೆ ಬಿಟ್ಟು ಉಳಿದ ಹಾಲನ್ನೆಲ್ಲ ಸಂಘಕ್ಕೇ ಹಾಕಬೇಕೆಂಬ ಕರಾರಿತ್ತು. ನಾನೂರು ಲೀಟರಿಗೆ ಐವತ್ತು ಕಮ್ಮಿಯಾದರೆ ಆ ಅಳತೆಯ ಗಾಲಿ ಆಗುವುದಿಲ್ಲವಲ್ಲ, ಅದಕ್ಕೆ. ನಮ್ಮ ಬಲ್ಕ್ ಕೂಲರಿನದೂ ಅದೇ ಲೆಕ್ಕ. ತುಂಬಿದರೂ ಅರ್ಧವಿದ್ದರೂ ಕರೆಂಟ್ ಬಿಲ್ಲು ಬರುತ್ತದೆ.

ಮಧ್ಯಾಹ್ನದ ಸರ್ವಸದಸ್ಯರ ಸಭೆಯಲ್ಲಿ ಇದೇ ವಿಷಯ ಏಳನೆಯದಾಗಿ ಚರ್ಚೆಗಿದೆ: ಎರಡು ಹೊತ್ತಿನ ಹಾಲೂ ಸಂಘಕ್ಕೇ ಅನ್ನುವವರಿಗೆ ಬೋನಸ್ಸಿನಲ್ಲಿ ಹೆಚ್ಚು ಪಾಲು ಕೊಡಬೇಕೇ ಬೇಡವೇ ಎಂದು. ಊಟ ಮುಗಿದ ಕೂಡಲೇ ಎದ್ದು ಹೋಗಬೇಡಿ. ಬೇಡ ಅನ್ನುವವರೂ ಕೂತು, ಯಾಕೆ ಬೇಡ ಅಂತ ಹೇಳಿ. ಸಂಜೆ ಹಾಲಿನ ಹೊತ್ತಿಗೆ ಬಿಡುತ್ತೇವೆ.