ವಾಣಿಜ್ಯ ಓದುವವರಿಗೆ ಕಾನೂನು ಬೇಕೆ?

(ಸಂಘದ ವಿದ್ಯಾರ್ಥಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಹನ್ನೆರಡನೆಯ ತರಗತಿ ಮುಗಿಸಿದ ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಹಣಕಾಸಿನ ಕ್ಷೇತ್ರಕ್ಕೆ ಹೋಗಲು ಬಿ.ಕಾಂ. ಸಾಕೆ, ಎಲ್.ಎಲ್.ಬಿ.ಯೂ ಬೇಕೆ ಎಂಬುದು ತಂದೆಯ ಪ್ರಶ್ನೆ. ಹುಡುಗಿ ಸುಮ್ಮನಿದ್ದಳು. ಯೋಚಿಸಿ ಹೇಳುತ್ತೇನೆಂದು ಚಹಾ ಕೊಟ್ಟು ಕಳುಹಿಸಿದೆ. ಯೋಚಿಸಿದ್ದನ್ನು ಇಂದು ಎಲ್ಲರೆದುರು ಹೇಳುತ್ತಿದ್ದೇನೆ. ಅವರಿಬ್ಬರೂ ಇಲ್ಲಿಯೇ ಇದ್ದಾರೆ.

1996ರಲ್ಲಿ ನಾನು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಸಾಲ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಗಿರಾಕಿಯೊಬ್ಬನ ಚೆಕ್ಕು, ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿತು. ನಾನು ಬಡ್ಡಿಯನ್ನು ಪೈಸೆ ಬಿಡದೆ ಲೆಕ್ಕ ಹಾಕಿ, ಮತ್ತೆ ಮತ್ತೆ ಫೋನು ಮಾಡಿದೆ. ಪ್ರತಿ ಸಲವೂ ಅವನದು 'ಬರುವ ವಾರ' ಎಂಬ ಉತ್ತರ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಂತೆ, ಚೆಕ್ಕು ಮರಳಿದ ಸುದ್ದಿ ತಿಳಿದ 15 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕಿತ್ತು. (2002ರ ತಿದ್ದುಪಡಿ ಅದನ್ನು 30 ದಿನಗಳಿಗೆ ಏರಿಸಿತು.) ಇದು ನನಗೆ ತಿಳಿಯುವ ಹೊತ್ತಿಗೆ ಚೆಕ್ಕಿನ ಆರು ತಿಂಗಳ ಆಯುಷ್ಯವೂ ತೀರಿತ್ತು. ಉಳಿದದ್ದು ಸಿವಿಲ್ ದಾವೆ. ಅದರ ದಣಿವಿಗೆ ಹೆದರಿ ಯಜಮಾನರು ಅರ್ಧ ಹಣಕ್ಕೆ ರಾಜಿಯಾದರು. ನನ್ನ ಬಿ.ಕಾಂ.ನಲ್ಲಿ ವಾಣಿಜ್ಯ ಕಾನೂನು ಎಂಬ ಪತ್ರಿಕೆಯಿತ್ತು. ಅದರಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು!

ಆ ಅವಮಾನವೇ ನನ್ನನ್ನು ಬೆಳಗಿನ ಕಾಲೇಜಿಗೆ ಕಳುಹಿಸಿತು. ಕಚೇರಿಗೆ ಹೋಗುತ್ತಲೇ ಮೂರು ವರ್ಷ ಓದಿದೆ. ಕರಿ ಕೋಟನ್ನು ತೊಡಲಿಲ್ಲ. ಪೂರ್ಣಾವಧಿಯ ಸಂಬಳದವರು ವಕೀಲಿ ಮಾಡುವಂತಿಲ್ಲ. ಆದರೆ ಕರಾರುಪತ್ರವನ್ನು ಓದುವ ಕಣ್ಣು ಬಂತು. ನಮಗೆ ಎಷ್ಟು ಬರಬೇಕೆಂಬುದನ್ನು ಲೆಕ್ಕ ತೋರಿಸುತ್ತದೆ. ಮುಳುಗಿದ ಕಂಪನಿಯಿಂದ ಮೊದಲು ಯಾರ ಕೈಗೆ ಬರುತ್ತದೆಂಬುದು ಕಾನೂನಿನ ಮಾತು. 2016ರ ದಿವಾಳಿ ಸಂಹಿತೆಯ 53ನೆಯ ಕಲಮನ್ನು ನೋಡಿ: ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಭದ್ರತೆಯನ್ನು ಬಿಟ್ಟುಕೊಟ್ಟ ಸಾಲಿಗರೂ 24 ತಿಂಗಳ ಬಾಕಿಯುಳ್ಳ ಕಾರ್ಮಿಕರೂ ಒಂದೇ ಪಂಕ್ತಿಯಲ್ಲಿ, ಸರ್ಕಾರದ ಬಾಕಿ ಅದಕ್ಕಿಂತ ಬಹಳ ಕೆಳಗೆ. ಕಂಪನಿಯ ಆಸ್ತಿಯನ್ನು ಸಾಲಕ್ಕೆ ಭದ್ರತೆಯಾಗಿ ಪಡೆದೂ ಅದು ರಿಜಿಸ್ಟ್ರಾರರಲ್ಲಿ ನೋಂದಣಿಯಾಗದಿದ್ದರೆ ಲಿಕ್ವಿಡೇಟರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲ ವಸೂಲಿ, ತೆರಿಗೆ, ದಿವಾಳಿ, ಕಂಪನಿಗಳ ವಿಲೀನ - ಇವುಗಳಲ್ಲಿ ದುಡಿಯುವವರಿಗೆ ಕಾನೂನು ಅನ್ನ ಕೊಡುವ ವಿದ್ಯೆ. ಷೇರುಗಳ ಬೆಲೆ ಕಟ್ಟುವವರಿಗೆ, ನಿಧಿ ನಿರ್ವಹಿಸುವವರಿಗೆ ಆ ವರ್ಷಗಳನ್ನು ಸಂಖ್ಯಾಶಾಸ್ತ್ರಕ್ಕೆ ಕೊಡುವುದು ಮೇಲು.

'ಜೊತೆಗೆ' ಎಂಬ ಮಾತಿನಲ್ಲಿ ಒಂದು ತೊಡಕಿದೆ. 2022ರಲ್ಲಿ ಯು.ಜಿ.ಸಿ. ಏಕಕಾಲಕ್ಕೆ ಎರಡು ಪದವಿಗಳಿಗೆ ಅನುಮತಿ ಕೊಟ್ಟಿತೆಂದು ಹಲವರು ಹಿಗ್ಗಿದರು. ಬಾರ್ ಕೌನ್ಸಿಲಿನ 2008ರ ನಿಯಮಗಳು ಮಾತ್ರ ಕಾನೂನಿನೊಡನೆ ಇನ್ನೊಂದು ನಿಯತ ಪದವಿಯನ್ನು ಒಪ್ಪುವುದಿಲ್ಲ. ಆದುದರಿಂದ ಐದು ವರ್ಷಗಳ ಕೂಡು ಪದವಿ, ಇಲ್ಲವೇ ಬಿ.ಕಾಂ. ಮುಗಿಸಿ ಮೂರು ವರ್ಷ. ಮೊದಲನೆಯದರಲ್ಲಿ ಒಂದು ವರ್ಷ ಉಳಿಯುತ್ತದೆ, ಆದರೆ ಬದುಕಿನ ತೀರ್ಮಾನವನ್ನು ಹದಿನೆಂಟಕ್ಕೇ ಮಾಡಬೇಕಾಗುತ್ತದೆ.

ಅದೇ ನಿಯಮಗಳು ತರಗತಿಗಳನ್ನು ಬೆಳಗ್ಗೆ 8ರಿಂದ ಸಂಜೆ 7ರೊಳಗೆ ಕಟ್ಟಿ, ನೂರಕ್ಕೆ 70ರ ಹಾಜರಿಯನ್ನೂ ಕೇಳುತ್ತವೆ. ಕಳಪೆ ಕಾಲೇಜುಗಳನ್ನು ಕಂಡವರಿಗೆ ಈ ಬಿಗಿಯ ಕಾರಣ ಅರ್ಥವಾಗುತ್ತದೆ. ಆದರೂ ನನಗೆ ನೋವಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಊರು ಈ ಮುಂಬಯಿ. ದುಡಿಯುತ್ತ ಓದುವವನಿಗೆ ಕಾನೂನಿನ ಬಾಗಿಲು ಈಗ ಹೆಚ್ಚು ಕಿರಿದಾಗಿದೆ. ನನಗೆ ಸಿಕ್ಕ ಅವಕಾಶ ಇಂದಿನ ಗುಮಾಸ್ತನಿಗೆ ಅಷ್ಟು ಸುಲಭವಾಗಿ ಸಿಗದು. ಸಂಘಗಳು ಈ ಬಗ್ಗೆ ಮಾತೆತ್ತಬೇಕು.

ಇನ್ನು ಆ ಹುಡುಗಿಯ ವಿಚಾರ. ನನ್ನ ಒಲವು ಬಿ.ಕಾಂ. ಕಡೆಗೆ: ಮೊದಲು ಲೆಕ್ಕಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಲಿ, ಆಮೇಲೆ ಕಾನೂನು. ಆದರೆ ಪ್ರಶ್ನೆ ಕೇಳಿದವರು ತಂದೆ. ಅವಳ ಮನಸ್ಸು ನನಗೆ ತಿಳಿಯದು. ನನ್ನಲ್ಲಿ ಹಳೆಯ ಸಾಲದ ಕರಾರುಪತ್ರವೊಂದರ ಪ್ರತಿಯಿದೆ, ನಲವತ್ತು ಪುಟ. ಮಗಳೇ, ಬರುವ ಭಾನುವಾರ ಬಂದು ಒಯ್ಯಿ. ಮೂರನೆಯ ಪುಟಕ್ಕೆ ತೂಕಡಿಕೆ ಬಂದರೆ ಬಿ.ಕಾಂ. ಅರ್ಜಿ ತುಂಬು. ಕೊನೆಯ ಪುಟದವರೆಗೂ ಓದಿ, ಅಂಚಿನಲ್ಲಿ ಪ್ರಶ್ನೆಗಳನ್ನು ಗುರುತು ಮಾಡಿಕೊಂಡು ಬಂದೆಯಾದರೆ, ಐದು ವರ್ಷಗಳ ಶುಲ್ಕದ ಬಗ್ಗೆ ನಿನ್ನ ಅಪ್ಪನೊಡನೆ ನಾನೇ ಮಾತಾಡುತ್ತೇನೆ.